ಸಿಪ್ಪೆ ಹೆರೆದ ಬಜೆ

ಮಳೆ ಮುಗಿದು ಚಳಿ ಇನ್ನೂ ಕಾಲಿಡದ ದಿನಗಳು. ಬೆಳಗಿನ ಏಳು ಗಂಟೆಯ ಹೊತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಉದ್ದ ಮೇಜಿನ ಮುಂದೆ ಕೂತು, ಬೇರಕ್ಕ ಒಂದು ತುಂಡು ಬಜೆಯನ್ನು ಮುರಿದು ಮೂಗಿಗೆ ಹಿಡಿದಳು. ಏನೂ ಬರಲಿಲ್ಲ.

ಮೂಗು ಕಟ್ಟಿರಬೇಕು ಅಂದುಕೊಂಡಳು. ಹಿಂದಿನ ವಾರವಿಡೀ ಜ್ವರ, ನೆಗಡಿ ಅಂತ ಮಲಗಿದ್ದವಳು. ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ತುಂಡು ಮುರಿದಳು. ಉಸಿರು ಸಲೀಸಾಗಿ ಒಳಗೆ ಹೋಯಿತು, ಹೊರಗೆ ಬಂತು, ಬಜೆ ಮಾತ್ರ ಬರಲಿಲ್ಲ. ಡಬ್ಬದಿಂದ ಲವಂಗ ತೆಗೆದು ಮೂಸಿದಳು. ಕರ್ಪೂರ ಮೂಸಿದಳು. ದೀಪಕ್ಕೆಂದು ಇಟ್ಟ ಸೀಮೆಎಣ್ಣೆಯ ಬಾಟಲಿಯ ಬಿರಡೆ ತೆಗೆದು ಅದನ್ನೂ ಮೂಸಿದಳು. ನೀರಿನ ಬಾಟಲಿಯೂ ಅದೂ ಒಂದೇ ಆಗಿತ್ತು.

ಐವತ್ತೆಂಟು ವರ್ಷದ ಹೆಂಗಸು. ಅದರಲ್ಲಿ ನಲವತ್ತಾರು ವರ್ಷ ಆ ಮೇಜಿನ ಮುಂದೆಯೇ ಕಳೆದಿತ್ತು. ಬೇರು, ತೊಗಟೆ, ಸೊಪ್ಪು ಮಾರುವ ಆ ಗ್ರಂಥಿಗೆ ಅಂಗಡಿ ಅವಳ ಅಮ್ಮನದು. ಸ್ಲೇಟು ಹಿಡಿದು ಮೂರು ವರ್ಷ ಶಾಲೆಗೆ ಹೋದವಳನ್ನು ಅಮ್ಮ ಬಿಡಿಸಿ ಬೇರು ಆಯಲು ಕೂರಿಸಿದ್ದಳು. ಅಂದಿನಿಂದ ಊರಿನ ಬಾಯಲ್ಲಿ ಅವಳು ಬೇರಕ್ಕ. ಹೆತ್ತವರಿಟ್ಟ ಹೆಸರನ್ನು ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸಬೇಕಿತ್ತು. ಬೇರಕ್ಕ ಮುರಿದು, ಮೂಸಿ, "ಇದು ಸರಿ" ಅಂದರೆ ಸರಿ. "ಇದು ಬೇಡ" ಅಂದರೆ ತಂದವನು ಮರುಮಾತಾಡದೆ ಮೂಟೆ ಹೊತ್ತುಕೊಂಡು ಹೋಗುತ್ತಿದ್ದ. ಅವಳಿಗಿದ್ದದ್ದು ಆ ಎರಡು ಮಾತು. ಅವೆರಡೂ ನಿಂತಿದ್ದದ್ದು ಮೂಗಿನ ಮೇಲೆ.

ಎಂಟು ಗಂಟೆಗೆ ತಂಗಿ ಅಂಗಡಿಯ ಬಾಗಿಲು ತೆಗೆಯಲು ಬಂದಾಗ ಅಕ್ಕ ಮೇಜಿನ ಮೇಲೆ ಹತ್ತು ಹನ್ನೆರಡು ಡಬ್ಬಗಳನ್ನು ತೆರೆದಿಟ್ಟುಕೊಂಡು ಕೂತಿದ್ದಳು.

"ಏನಕ್ಕಾ ಇದು, ಅಂಗಡಿ ಹರಾಜಿಗಿಟ್ಟಿದ್ದೀಯಾ?"

ಬೇರಕ್ಕ ಹೇಳಿದಳು. ತಂಗಿಯ ಹತ್ತಿರ ಅವಳು ಏನನ್ನೂ ಮುಚ್ಚಿಟ್ಟವಳಲ್ಲ. ಹನ್ನೆರಡು ವರ್ಷ ಚಿಕ್ಕವಳು, ಅಕ್ಕನೇ ಎತ್ತಿ ಆಡಿಸಿದ ಕೂಸು. ಗಂಡ ಸತ್ತ ಮೇಲೆ ಅಕ್ಕನ ಜೊತೆಗೇ ಬಂದು ನಿಂತವಳು. ಅಂಗಡಿಯ ಮುಂಭಾಗ, ತಕ್ಕಡಿ, ಗಿರಾಕಿ ಎಲ್ಲ ಅವಳದು. ಬೀದಿಯವರು ಅವಳನ್ನು ಮಾತಿನಮಲ್ಲಿ ಅನ್ನುತ್ತಿದ್ದರು. ಅಕ್ಕ ದಿನಕ್ಕೆ ಹತ್ತು ಮಾತಾಡಿದರೆ ಉಳಿದದ್ದನ್ನೆಲ್ಲ ತಂಗಿ ಆಡಿ ಮುಗಿಸುತ್ತಿದ್ದಳು.

ಆ ದಿನ ಮಾತಿನಮಲ್ಲಿ ಮೊದಲು ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತಳು. ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಯಾರಿಗೂ ಹೇಳ್ಬೇಡ," ಅಂದಳು ಆಮೇಲೆ. "ಬರುತ್ತೆ, ಒಂದು ತಿಂಗಳಲ್ಲಿ ಬರುತ್ತೆ. ಅಲ್ಲೀವರೆಗೆ ನಾನೇ ನಿನ್ನ ಮೂಗು. ನೀನು ಎಂದಿನ ಹಾಗೆ ಮುರಿ, ಮೂಸು. ನಾನು ಪಕ್ಕದಲ್ಲಿರ್ತೀನಿ. ಮೇಜಿನ ಕೆಳಗೆ ಕಾಲು ಒತ್ತುತೀನಿ. ಒಂದು ಸಲ ಒತ್ತಿದ್ರೆ ಸರಿ, ಎರಡು ಸಲ ಒತ್ತಿದ್ರೆ ಬೇಡ."

"ಗಿರಾಕಿ ಮುಂದೆ ನಾಟಕ ಆಡ್ಬೇಕಾ ನಾನು?"

"ನಲವತ್ತು ವರ್ಷದಿಂದ ಮುಖ ಗಂಟು ಹಾಕ್ಕೊಂಡು ಮೂಸ್ತಿದ್ದೀಯ. ಅದನ್ನೇ ಮಾಡು. ಯಾರಿಗೂ ವ್ಯತ್ಯಾಸ ತಿಳಿಯಲ್ಲ."

ಬೇರಕ್ಕನಿಗೆ ನಗು ಬಂತು. ಜ್ವರ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ತಿಂಗಳಾಯಿತು, ಎರಡಾಯಿತು, ಮೂಗು ಬರಲಿಲ್ಲ. ಕಾಲಿನ ಸನ್ನೆ ನಿಲ್ಲಲಿಲ್ಲ, ಅದೇ ಅಭ್ಯಾಸವಾಯಿತು. ತಂಗಿಯ ಚಪ್ಪಲಿಯ ಮೊನೆ ಪಾದಕ್ಕೆ ತಾಗಿದರೆ ಬೇರಕ್ಕನ ಬಾಯಿಂದ "ಸರಿ" ತಾನಾಗಿ ಬರುತ್ತಿತ್ತು. ಒಮ್ಮೆ ತಂಗಿ ಸೊಳ್ಳೆ ಕಚ್ಚಿತೆಂದು ಕಾಲು ಕೊಡವಿದಾಗ ಅಕ್ಕ ಒಳ್ಳೆಯ ನೆಲನೆಲ್ಲಿಯನ್ನು ಬೇಡವೆಂದುಬಿಟ್ಟಳು. ತಂದವನು ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾರನೆಯ ದಿನ ಅವನನ್ನು ಕರೆಸಿ, ಅಕ್ಕನ ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಸುಳ್ಳು ಹೇಳಿ, ಸರಕು ತೆಗೆದುಕೊಂಡಿದ್ದರು.

ಬಜೆಯ ಮಾತು ಮಾತ್ರ ಬೇರೆ. ಅದು ಹೊರಗಿನವರು ತರುವ ಸರಕಲ್ಲ. ಊರಾಚೆ ಕೆರೆಯಂಚಿನ ಕೆಸರಿನಲ್ಲಿ ಅಮ್ಮ ನೆಟ್ಟ ಮೂರು ಮಡಿಗಳಿದ್ದವು. ಬಜೆ ಹೂ ಬಿಡುತ್ತದೆ. ಎಲೆಯಂಥದೇ ದಂಟಿನ ಪಕ್ಕೆಯಿಂದ ಹಸಿರು ಹಳದಿಯ ಕಡ್ಡಿಯೊಂದು ಬೆರಳು ಚಾಚಿದ ಹಾಗೆ ಓರೆಯಾಗಿ ಬರುತ್ತದೆ, ಅದೇ ಹೂ. ಅವರ ಮಡಿಯಲ್ಲಿ ಅದು ಎಂದೂ ಬೀಜ ಕಟ್ಟಿದ್ದಿಲ್ಲ. ಕಿತ್ತಾಗ ತುದಿಯ ಕಣ್ಣನ್ನು ಒಂದು ಗೇಣು ಉಳಿಸಿ ಮತ್ತೆ ಕೆಸರಿಗೆ ಒತ್ತಬೇಕು. ಹಾಗೆ ಒತ್ತಿ ಒತ್ತಿ ಬೆಳೆದದ್ದರಿಂದ ಆ ಮೂರು ಮಡಿಯ ಬಜೆಯೆಲ್ಲ ಅಮ್ಮ ಎಲ್ಲಿಂದಲೋ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಒಂದೇ ಒಂದು ತುಂಡಿನದು. ವರ್ಷಕ್ಕೊಂದು ಮಡಿ ಕೀಳುವುದು, ಉಳಿದೆರಡನ್ನು ಮುಟ್ಟದಿರುವುದು. ಇದು ಅಮ್ಮನ ಕಟ್ಟು. ಕಿತ್ತದ್ದನ್ನು ತೊಳೆದು, ಸಿಪ್ಪೆಯ ಸಮೇತ ನೆರಳಿನಲ್ಲಿ ಒಣಗಿಸಿ, ಬೆರಳುದ್ದ ಕತ್ತರಿಸುವುದು. ಬಜೆಯ ಕಸುವೆಲ್ಲ ಸಿಪ್ಪೆಯಲ್ಲಿರುತ್ತದೆ ಅನ್ನುತ್ತಿದ್ದಳು ಅಮ್ಮ.

ಆ ಬಜೆಗೆ ಬರದವರಿಲ್ಲ. ಹೊಟ್ಟೆಯುಬ್ಬರಕ್ಕೆ, ಗಂಟಲು ಒಡೆದದ್ದಕ್ಕೆ, ಮಾತು ತಡವಾದ ಕೂಸಿನ ನಾಲಿಗೆಗೆ ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಸವರುವುದಕ್ಕೆ. ಅದೂ ಒಂದೆರಡು ಸುತ್ತು ಮಾತ್ರ, ಹೆಚ್ಚಾದರೆ ಹೊಟ್ಟೆ ತಿರುಗುತ್ತದೆ ಅಂತ ಬೇರಕ್ಕ ಪ್ರತಿ ತಾಯಿಗೂ ಎರಡೆರಡು ಸಲ ಹೇಳಿ ಕಳಿಸುತ್ತಿದ್ದಳು. ಕಾಳಿನ ಡಬ್ಬದಲ್ಲಿ ಹುಳ ಬೀಳದಂತೆ ಇಡಲೂ ಒಯ್ಯುತ್ತಿದ್ದರು. ಹಾಡಿನ ಮೇಷ್ಟ್ರು ಅಂತ ಒಬ್ಬರಿದ್ದರು. ದಿನಾ ಬೆಳಿಗ್ಗೆ ಮಕ್ಕಳಿಗೆ ಪಾಠ ಶುರುಮಾಡುವ ಮೊದಲು ಕಡಲೆಕಾಳಿನಷ್ಟು ಬಜೆಯನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದ ಗಿರಾಕಿ. ಇನ್ನು ಬೀದಿಯ ಕೊನೆಯ ಔಷಧಾಲಯದ ಪಂಡಿತರು ತಮ್ಮ ಪುಡಿ, ಗುಳಿಗೆಗೆಲ್ಲ ಬೇರಕ್ಕನ ಬಜೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

ಮರುವರ್ಷ ಮಳೆಗಾಲದ ಕೊನೆಗೆ ತಂಗಿ ಒಂದು ಸುದ್ದಿ ತಂದಳು. ಕೆಮ್ಮಿನ ಸಿರಪ್ ಮಾಡುವ ಕಾರ್ಖಾನೆಯೊಂದು ಆರು ಮೂಟೆ ಬಜೆ ಕೇಳಿದೆ. ಮೇಲಿಂದ ಮೇಲೆ ಕೇಳುತ್ತದಂತೆ.

"ಒಂದು ಮಡಿಯಲ್ಲಿ ಎರಡು ಮೂಟೆ ಬಂದ್ರೆ ಹೆಚ್ಚು," ಅಂದಳು ಬೇರಕ್ಕ.

"ಮೂರೂ ಮಡಿ ಕಿತ್ರೆ ಆರಾಗುತ್ತಲ್ಲ."

"ಆಮೇಲೆ?"

"ಆಮೇಲೇನು, ಮತ್ತೆ ಬೆಳೆಯುತ್ತೆ. ಬೆಳೆಯೋದು ಬಿಟ್ಟು ಅದಕ್ಕೇನು ಕೆಲಸ?"

"ಎಳೆಯದನ್ನ ಕಿತ್ರೆ ಅದರಲ್ಲಿ ನೀರು ಬಿಟ್ಟು ಇನ್ನೇನೂ ಇರಲ್ಲ. ಬೇಡ ಅಂತ ಹೇಳು."

"ಆಗುತ್ತೆ ಅಂತ ಹೇಳಿಬಿಟ್ಟಿದ್ದೀನಲ್ಲ ಅಕ್ಕಾ."

"ನನ್ನ ಕೇಳದೆ?"

ತಂಗಿ ತಕ್ಕಡಿಯ ಬಟ್ಟಲನ್ನು ಒರೆಸುತ್ತ ನಿಂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಎಲ್ಲದಕ್ಕೂ ನಿನ್ನ ಕೇಳ್ಬೇಕು," ಅಂದಳು. ಅದು ಪ್ರಶ್ನೆಯೋ ದೂರೋ ಬೇರಕ್ಕನಿಗೆ ತಿಳಿಯಲಿಲ್ಲ. ಅವಳು ಅದನ್ನು ಹೆಚ್ಚು ಹಚ್ಚಿಕೊಳ್ಳಲೂ ಇಲ್ಲ.

ವಾರ ಕಳೆದ ಮೇಲೆ ತಂಗಿ ಗೆಲುವಾಗಿ ಬಂದಳು. ಕಾಲುವೆಯಾಚೆ ಒಬ್ಬ ಬಜೆ ಬೆಳೆಯುತ್ತಾನಂತೆ, ನಾಲ್ಕು ಮೂಟೆ ಕೊಡುತ್ತಾನಂತೆ. ನೋಡಿ ಆಯ್ದುಕೊಂಡರಾಯಿತು. ಇನ್ನೊಂದು ಮಾತು. ಕಾರ್ಖಾನೆಯವರಿಗೆ ಸಿಪ್ಪೆ ಹೆರೆದು ಬೆಳ್ಳಗೆ ಮಾಡಿದ ಬಜೆ ಬೇಕಂತೆ.

"ಸಿಪ್ಪೆ ಹೆರೆದ್ರೆ ಉಳಿಯೋದೇನು?"

"ಅವರಿಗೆ ಹೇಗೆ ಬೇಕೋ ಹಾಗೆ ಕೊಡೋದು. ಕುಡಿಯೋರು ಅವರು, ನಾವಲ್ಲ. ನಮ್ಮಂಗಡಿಗೂ ಒಂದಿಷ್ಟು ಹೆರೆದು ಇಡೋಣ. ನೋಡೋಕೆ ಚೆನ್ನಾಗಿರುತ್ತೆ. ಈಗಿನ ಗಿರಾಕಿಗೆ ಕಂದು ಬಣ್ಣದ್ದು ಕೊಟ್ರೆ ಕೊಳೆ ಅಂತಾರೆ."

ಬೇರಕ್ಕ ಒಪ್ಪಿದಳು. ಒಂದು ವರ್ಷ ತನ್ನ ಮಾನ ಕಾಯ್ದವಳ ಮಾತು. ಇಷ್ಟಕ್ಕೂ ಇಲ್ಲ ಅನ್ನುವುದು ಹೇಗೆ.

ಮೂಟೆಗಳು ಬಂದವು, ಆಗಲೇ ಹೆರೆದು ಒಣಗಿಸಿ. ಅಕ್ಕ ತಂಗಿ ಮೇಜಿನ ಮುಂದೆ ಕೂತರು. ಬೇರಕ್ಕ ತುಂಡು ತೆಗೆದುಕೊಂಡಳು, ಮೂಗಿಗೆ ಹಿಡಿದಳು, ಕಾಲಿಗೆ ಕಾಯ್ದಳು. ಒಂದು ಒತ್ತು. ಇನ್ನೊಂದು ತುಂಡು, ಒಂದು ಒತ್ತು. ಎರಡು ಮಧ್ಯಾಹ್ನ ಹೀಗೇ ಕಳೆಯಿತು. ಹಿಡಿ ಹಿಡಿಯಲ್ಲೂ ಒಂದು ಒತ್ತು. ಒಮ್ಮೆ, ಎಲ್ಲೋ ನಡುವೆ, ಎರಡು ಒತ್ತು ಬಂತು. ಆ ತುಂಡನ್ನು ಬೇರಕ್ಕ ತೆಗೆದೆಸೆದಳು. ಇಷ್ಟು ಸರಕಿನಲ್ಲಿ ಒಂದೇ ಒಂದು ಕೆಟ್ಟದ್ದು, ಕಾಲುವೆಯಾಚೆಯವನು ಒಳ್ಳೆಯ ಕೃಷಿಕ ಇರಬೇಕು ಅಂದುಕೊಂಡಳು. ತುಂಡುಗಳ ಮೇಲೆ ಒಂದು ಬಗೆಯ ಬಿಳಿ ಹುಡಿ ಇತ್ತು. ಬೆರಳಿಗೆ ಅಂಟಿದ್ದನ್ನು ಸೀರೆಗೆ ಒರೆಸಿಕೊಂಡಳು.

ಕಾರ್ಖಾನೆಯ ಲಾರಿ ಬರಲು ಇನ್ನೂ ಹತ್ತು ದಿನವಿತ್ತು. ಅಷ್ಟರಲ್ಲಿ ಹಾಡಿನ ಮೇಷ್ಟ್ರು ಬಂದರು. ಬೇರಕ್ಕ ಕೆರೆಗೆ ಹೋಗಿದ್ದಳು. ತಂಗಿ ಮುಂದಿದ್ದ ಡಬ್ಬದಿಂದ ಹೆರೆದ ಬಜೆ ಕಟ್ಟಿಕೊಟ್ಟಳು.

ಅದಾದ ನಾಲ್ಕನೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಪಂಡಿತರೇ ಅಂಗಡಿಗೆ ಬಂದರು. ಎಂದೂ ಬಂದವರಲ್ಲ, ಸರಕು ಬೇಕಾದರೆ ಹೇಳಿ ಕಳಿಸುವವರು. ಒಳಗೆ ನಾಲ್ಕೈದು ಗಿರಾಕಿಗಳಿದ್ದರು. ಪಂಡಿತರು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟರು.

"ಬೇರಕ್ಕ, ಇದು ನಿಮ್ಮಂಗಡಿಯದ್ದಾ ನೋಡಿ."

"ಪೊಟ್ಟಣ ನಮ್ಮದೇ," ಅಂದಳು ಬೇರಕ್ಕ.

"ಒಳಗಿರೋದು?"

"ಯಾಕೆ, ಏನಾಯ್ತು?"

"ಹಾಡಿನ ಮೇಷ್ಟ್ರು ಮೂರು ದಿನದಿಂದ ನೀರು ನುಂಗೋಕೂ ಆಗದೆ ಮಲಗಿದ್ದಾರೆ. ಬಾಯೆಲ್ಲ ಬೊಕ್ಕೆ. ಮೊದಲ ದಿನವಿಡೀ ವಾಂತಿ, ಭೇದಿ. ಇದನ್ನ ದವಡೆಗೆ ಒತ್ತಿಕೊಂಡದ್ದಂತೆ. ಮೂಸಿ ಹೇಳಿ, ಇದು ಬಜೆಯಾ?"

ಬೇರಕ್ಕ ಪೊಟ್ಟಣ ಬಿಚ್ಚಿದಳು. ತುಂಡು ಎತ್ತಿಕೊಂಡಳು. ಅಭ್ಯಾಸಬಲದಿಂದ ಮುಖ ಗಂಟಿಕ್ಕಿ ಮೂಗಿಗೆ ಹಿಡಿದಳು. ತಂಗಿ ಕಟ್ಟೆಯ ಒಳಗೆ ಅವಳ ಎಡಮಗ್ಗುಲಿಗೇ ನಿಂತಿದ್ದಳು. ಬೇರಕ್ಕ ಪಾದವನ್ನು ಒಂದಿಷ್ಟು ಎಡಕ್ಕೆ ಸರಿಸಿ ಕಾಯ್ದಳು. ಒಂದೋ ಎರಡೋ, ಯಾವುದಾದರೂ ಬರಲಿ.

ಯಾವುದೂ ಬರಲಿಲ್ಲ. ಪಂಡಿತರು ಕಾಯುತ್ತಿದ್ದರು. ಗಿರಾಕಿಗಳು ಕಾಯುತ್ತಿದ್ದರು. ಬೇರಕ್ಕ ಪಾದವನ್ನು ಇನ್ನಷ್ಟು ಸರಿಸಿದಳು. ತಂಗಿಯ ಚಪ್ಪಲಿ ಅಲ್ಲಿರಲಿಲ್ಲ. ತಿರುಗಿ ನೋಡಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಅಕ್ಕನಿಗೆ ವಾಸನೆ ಗೊತ್ತಾಗಲ್ಲ ಪಂಡಿತರೇ," ಅಂದಳು ತಂಗಿ. "ಹೋದ ವರ್ಷದ ಜ್ವರದಲ್ಲೇ ಮೂಗು ಹೋಯ್ತು."

ಯಾರೋ "ಅಯ್ಯೋ" ಅಂದರು.

"ಮತ್ತೆ ಇಷ್ಟು ದಿನ?" ಪಂಡಿತರು ಬೇರಕ್ಕನನ್ನೇ ನೋಡುತ್ತಿದ್ದರು.

ಉತ್ತರ ತಂಗಿಯದೇ. "ಕಣ್ಣಳತೆಯಲ್ಲಿ ಆಯ್ತೀನಿ, ನೀನು ಸುಮ್ಮನಿರು ಅಂದ್ಲು. ದೊಡ್ಡವಳು, ಎದುರಾಡೋಕಾಗುತ್ತಾ? ಹೊರಗೆ ಹೇಳಿದ್ರೆ ನೊಂದ್ಕೋತಾಳೆ ಅಂತ ಬಾಯಿ ಕಟ್ಟಿಕೊಂಡಿದ್ದೆ. ಈ ಸರಕಿನ ಬಗ್ಗೆ ನನಗೆ ಮೊದಲೇ ಅನುಮಾನ ಇತ್ತು. ಹೇಳಿದ್ರೆ ಕೇಳ್ಬೇಕಲ್ಲ."

ಬೇರಕ್ಕ ಬಾಯಿ ತೆರೆದಳು. ಮೂಗು ಹೋದದ್ದು ಸುಳ್ಳೇ? ಅಲ್ಲ. ವರ್ಷದಿಂದ ಊರಿನ ಮುಂದೆ ನಾಟಕ ಆಡಿದ್ದು ಸುಳ್ಳೇ? ಅದೂ ಅಲ್ಲ. ಸುಳ್ಳಿನ ತುದಿ ಎಲ್ಲಿ ಹಿಡಿದು ಎಳೆಯಬೇಕು ಅಂತ ತಿಳಿಯದೆ ತೆರೆದ ಬಾಯಿ ಹಾಗೇ ಮುಚ್ಚಿತು. ಒಬ್ಬ ತಾಯಿ ಕೈಲಿದ್ದ ಪೊಟ್ಟಣವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಕೂಸನ್ನು ಎತ್ತಿಕೊಂಡು ಹೊರಗೆ ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಪಂಡಿತರು ಕೊನೆಗೆ ಹೋದರು.

ಆ ದಿನವಿಡೀ ತಂಗಿ ಅಂಗಡಿಯ ಮುಂದೆ, ಅಕ್ಕ ಹಿಂದಿನ ಕೋಣೆಯಲ್ಲಿ. ನಡುವಿನ ಬಾಗಿಲು ತೆರೆದೇ ಇತ್ತು. ಹಾದು ಹೋಗುವವರಿಗೆ ತಂಗಿ ಹೇಳುವುದು ಕೇಳುತ್ತಿತ್ತು. "ವಯಸ್ಸಾಯ್ತಲ್ಲ, ಏನು ಮಾಡೋಕಾಗುತ್ತೆ. ನಾನಿನ್ನು ಮೇಜಿಗೆ ಬಿಡಲ್ಲ."

ಆದರೂ ಬೇರಕ್ಕನಿಗೆ ಅವಳನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪಂಡಿತರನ್ನು ಕಂಡು ಹೆದರಿದ್ದಾಳೆ, ಹೆದರಿಕೆಗೆ ಬಾಯಿಗೆ ಬಂದದ್ದು ಆಡಿದ್ದಾಳೆ. ಅವಳ ಮೂಗೂ ಒಂದು ಕಡೆ ಎಡವಿರಬಹುದು. ಎಷ್ಟು ಸಾವಿರ ತುಂಡು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ತಂಗಿ ಹೊರಗೆ ಹೋಗಿದ್ದಾಗ ಬೇರಕ್ಕ ಒಂದು ಮೂಟೆಯನ್ನು ಹಿತ್ತಲಿಗೆ ಎಳೆದು ಬಿಸಿಲಿನಲ್ಲಿ ಸುರಿದಳು. ಕುಕ್ಕರುಗಾಲಿನಲ್ಲಿ ಕೂತು, ಮೂಗಿನ ಗೊಡವೆ ಬಿಟ್ಟು, ಬರೀ ಕಣ್ಣು ಮತ್ತು ಬೆರಳಿನಿಂದ ನೋಡತೊಡಗಿದಳು. ಇದನ್ನು ಅವಳು ಒಂದು ವರ್ಷದ ಹಿಂದೆಯೇ ಮಾಡಬೇಕಿತ್ತು. ಮೂಗು ಹೋದ ದಿನ ಕಣ್ಣನ್ನು ತಿದ್ದಿಕೊಳ್ಳುವ ಬದಲು ತಂಗಿಯ ಕಾಲಿಗೆ ಕಾದು ಕೂತಳು. ತಪ್ಪು ಅಲ್ಲೇ ಆಗಿತ್ತು.

ಜನ ಬಜೆಯ ಬೇರು ಅನ್ನುತ್ತಾರೆ, ಅದು ಬೇರಲ್ಲ. ಕೆಸರಿನಲ್ಲಿ ಅಡ್ಡಡ್ಡ ಹರಿಯುವ ಕಾಂಡ. ಮೇಲ್ಮೈಯಲ್ಲಿ ಎಲೆ ಬಿದ್ದ ಮೂರುಮೂಲೆಯ ಗುರುತು ಇರುತ್ತದೆ. ಅಡಿಯಲ್ಲಿ ನಿಜವಾದ ಬೇರು ಕಿತ್ತ ಜಾಗದ ಚುಕ್ಕೆಗಳು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ಹಾವು ಹರಿದ ಹಾಗೆ ಸಾಲು ಕಟ್ಟಿರುತ್ತವೆ. ಕಣ್ಣಿಲ್ಲದವರೂ ಹೆಬ್ಬೆರಳು ಸವರಿ ಹೇಳಬಹುದು. ಆದರೆ ಆ ಗುರುತೆಲ್ಲ ಇರುವುದು ಸಿಪ್ಪೆಯಲ್ಲಿ. ಹೆರೆದ ಮೇಲೆ ಅಡಿಯೂ ನುಣುಪು, ಮೇಲೂ ನುಣುಪು.

ಬೇರಕ್ಕನ ಕೈ ನಿಂತಿತು. ಸಿಪ್ಪೆ ಹೆರೆಯುವ ಮಾತು ಮೊದಲು ಯಾರ ಬಾಯಲ್ಲಿ ಬಂತು ಅಂತ ನೆನೆದಳು.

ನೂರಾರು ತುಂಡು ತಡಕಿದ ಮೇಲೆ ಕತ್ತಿ ಸರಿಯಾಗಿ ತಾಗದ ನಾಲ್ಕು ತುಂಡು ಸಿಕ್ಕವು. ಸಿಪ್ಪೆ ಇನ್ನೂ ಅಂಟಿತ್ತು. ಚುಕ್ಕೆಯ ಸಾಲು ಇರಲಿಲ್ಲ. ಒಂದರ ಪಕ್ಕ ಒಂದು ಒತ್ತಾದ ಬಳೆಗಳ ಹಾಗೆ ಉಂಗುರಗಳಿದ್ದವು. ಮುರಿದಳು. ಬಜೆ ಮುರಿದರೆ ಒಳಗೆ ಬೆಂಡಿನಂತೆ ಹಗುರ, ಬಿಳುಪು. ಇದು ಗಟ್ಟಿ, ಇಟ್ಟಿಗೆಯ ಬಣ್ಣ. ಸುಳ್ಳುಬಜೆ. ಹಳ್ಳದ ಬದಿಯಲ್ಲಿ ದೊಡ್ಡ ಹಳದಿ ಹೂ ಬಿಡುವ ಗಿಡಕ್ಕೆ ಅಮ್ಮ ಹಾಗನ್ನುತ್ತಿದ್ದಳು. ದೂರದಿಂದ ಎರಡೂ ಒಂದೇ, ಕತ್ತಿಯಂಥ ಎಲೆ. ಹತ್ತಿರ ಹೋದರೆ ಬಜೆಯ ನಡುನರ ಒಂದು ಮಗ್ಗುಲಿಗೆ ಸರಿದಿರುತ್ತದೆ, ಒಂದಂಚು ಅವಸರದಲ್ಲಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸಣ್ಣಗೆ ಸುಕ್ಕುಗಟ್ಟಿರುತ್ತದೆ. ಸುಳ್ಳುಬಜೆಯ ಎಲೆಗೆ ಸುಕ್ಕಿಲ್ಲ. ಹಿಚುಕಿದರೆ ವಾಸನೆಯಿಲ್ಲ. ಹಸುವೂ ಅದಕ್ಕೆ ಬಾಯಿ ಹಾಕುವುದಿಲ್ಲ. ತಂಗಿ ಚಿಕ್ಕವಳಿದ್ದಾಗ ಅಮ್ಮ ಇಬ್ಬರನ್ನೂ ಒಟ್ಟಿಗೇ ಹಳ್ಳದ ದಂಡೆಯಲ್ಲಿ ನಿಲ್ಲಿಸಿ ಅದನ್ನು ಕಲಿಸಿದ್ದಳು.

ಎದ್ದು ಒಳಗೆ ಹೋದಳು. ಮೂಲೆಯ ಕಬ್ಬಿಣದ ಕುಟ್ಟಾಣಿಯನ್ನು ಬೆಳಕಿಗೆ ತಂದು ನೋಡಿದಳು. ತಳದ ಮೂಲೆಯಲ್ಲಿ ಬಿಳಿ ಹುಡಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟುಕೊಂಡಳು. ವಾಸನೆ ಹೋಗಿದ್ದರೂ ನಾಲಿಗೆಯ ಮೇಲಿನ ಆ ಕಹಿ ಚುರುಕು ಅಳಿದಿರಲಿಲ್ಲ. ಅಮ್ಮನ ಮಡಿಯ ಬಜೆ. ಅದನ್ನು ಕುಟ್ಟಿ ಹುಡಿ ಮಾಡಿ, ಸುಳ್ಳುಬಜೆಯನ್ನು ಅದರಲ್ಲಿ ಹೊರಳಿಸಲಾಗಿತ್ತು. ಇಟ್ಟಿಗೆ ಬಣ್ಣ ಮುಚ್ಚಲು, ಬೇರೆಯವರ ಮೂಗು ಮುಚ್ಚಲು. ಬೇರಕ್ಕನ ಮೂಗಿಗೆ ಅಷ್ಟು ಕಷ್ಟವೂ ಬೇಕಿರಲಿಲ್ಲ. ಒಂದು ಒತ್ತು ಸಾಕಾಗಿತ್ತು.

ನಡುವೆ ಬಂದ ಆ ಎರಡು ಒತ್ತು ನೆನಪಾಯಿತು. ನಂಬಿಕೆ ಬರಲಿ ಅಂತ ತಂಗಿ ಒಂದು ತುಂಡನ್ನು ಬೇಡ ಅನ್ನಿಸಿದ್ದಳು. ಉಳಿದದ್ದೆಲ್ಲಕ್ಕಿಂತ ಅದು ಬೇರಕ್ಕನ ಎದೆಗೆ ಹೆಚ್ಚು ನಾಟಿತು. ಕುಟ್ಟಾಣಿ ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಳು.

ತಂಗಿ ಬಂದಾಗ ಹಿತ್ತಲಿನಲ್ಲಿ ಸುರಿದದ್ದನ್ನು ನೋಡಿದಳು, ಕುಟ್ಟಾಣಿ ನೋಡಿದಳು. ಚಪ್ಪಲಿ ಬಿಡದೆ ನಿಂತಳು.

"ಎಲ್ಲಿಂದ ತಂದೆ?" ಬೇರಕ್ಕ ಕೇಳಿದಳು.

"ರೈಲು ಹಳಿ ಪಕ್ಕದ ಹಳ್ಳದ್ದು."

"ಕಾಲುವೆಯಾಚೆಯವನು?"

"ಅಂಥವನು ಯಾರೂ ಇಲ್ಲ."

"ತಿಂದೋರಿಗೆ ಏನಾಗುತ್ತೆ ಅಂತ ನಿನಗೆ ಗೊತ್ತಿತ್ತು."

"ಕಾರ್ಖಾನೆಯಲ್ಲಿ ನೂರು ಪಾಲು ನೀರಿಗೆ ಒಂದು ಪಾಲು ಹಾಕ್ತಾರೆ. ಏನೂ ಆಗಲ್ಲ ಅಂದ್ಕೊಂಡೆ. ಅಂಗಡಿ ಡಬ್ಬಕ್ಕೆ ಒಳ್ಳೇದನ್ನೇ ಹೆರೆದು ಹಾಕಿದ್ದೆ. ಯಾವಾಗ ಹೇಗೆ ಬೆರೆತುಹೋಯ್ತೋ. ಮೇಷ್ಟ್ರಿಗೆ ಕೆಟ್ಟದ್ದಾಗಲಿ ಅಂತ ನಾನು ಬಯಸಿದ್ದಾ?"

"ಮೇಷ್ಟ್ರ ಮಾತು ಬಿಡು. ನನಗೆ?"

ತಂಗಿಯ ಬಾಯಿಂದ ಬಂದ ಮಾತು ಅಂದು ಹುಟ್ಟಿದ್ದಾಗಿರಲಿಲ್ಲ. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡದ್ದು.

"ನಿನಗೇನಾಗ್ಬೇಕು? ಊರಿಗೆಲ್ಲ ನೀನೇ ಬೇರಕ್ಕ. ನಾನು ತಕ್ಕಡಿ ಹಿಡಿಯೋಳು. ಗಿರಾಕಿ ಜೊತೆ ಗಂಟಲು ಹರ್ಕೊಳ್ಳೋದು ನಾನು, 'ಎಲ್ಲಿ, ಬೇರಕ್ಕನ ಕರಿ' ಅನ್ನೋದು ಅವರು. ಈ ಒಂದು ವರ್ಷ ಎಲ್ಲ ಮೂಸಿದ್ದು ನಾನು. ಒಂದಾದ್ರೂ ತಪ್ಪಿತ್ತಾ? ಹೆಸರು ಯಾರಿಗೆ ಬಂತು? ಕಾರ್ಖಾನೆಯವನು ಮೊದಲ ಸಲ ನನ್ನನ್ನ ಕೇಳಿದ. ನಿನ್ನನ್ನಲ್ಲ. ಆಗಲ್ಲ ಅಂತ ಹೇಗೆ ಹೇಳ್ಲಿ?"

"ನನ್ನ ಕೇಳಿದ್ದಿದ್ರೆ ಆ ಮೇಜನ್ನೇ ಕೊಡ್ತಿದ್ದೆನಲ್ಲೇ ನಿನಗೆ."

"ಕೊಡೋಳು ನೀನು, ತಗೊಳ್ಳೋಳು ನಾನು. ಅದೇ ಅಲ್ವಾ ಯಾವತ್ತೂ."

ಬೇರಕ್ಕ ಎದ್ದು, ಬಿಸಿಲಿಗೆ ಸುರಿದದ್ದನ್ನೂ ಅಂಗಡಿಯ ಡಬ್ಬದಲ್ಲಿದ್ದ ಹೆರೆದದ್ದನ್ನೂ ಉಳಿದ ಮೂರು ಮೂಟೆಗಳನ್ನೂ ಒಂದೊಂದಾಗಿ ಹಿತ್ತಲ ಗುಂಡಿಗೆ ಎಳೆದು ಸುರಿದಳು. ತಂಗಿ ಕೈ ಹಾಕಲಿಲ್ಲ, ತಡೆಯಲೂ ಇಲ್ಲ. ಮೇಲೆ ಸುಣ್ಣ ಹಾಕಿ ಮಣ್ಣು ಮುಚ್ಚುವಾಗ ಮಾತ್ರ ಹತ್ತಿರ ಬಂದು ಅಂದಳು, "ಪಂಡಿತರಿಗೆ ಹೇಳ್ಬೇಡ ಅಕ್ಕಾ. ನಿನ್ನ ಕಾಲು ಹಿಡೀತೀನಿ."

ಬೇರಕ್ಕ ಸನಿಕೆ ಗೋಡೆಗೆ ಒರಗಿಸಿ, ಕೈಕಾಲು ತೊಳೆದುಕೊಂಡು, ಆ ನಾಲ್ಕು ತುಂಡುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಔಷಧಾಲಯಕ್ಕೆ ಹೋದಳು.

ಪಂಡಿತರ ಮುಂದಿನ ಬೆಂಚಿನಲ್ಲಿ ಹಾಡಿನ ಮೇಷ್ಟ್ರು ಕೂತಿದ್ದರು. ತುಟಿ ಬಾತು ಮುಖದ ಆಕಾರವೇ ಬದಲಾಗಿತ್ತು. ಮಾತಾಡಲಾಗದೆ ಒಂದು ನೋಟುಬುಕ್ಕು, ಪೆನ್ಸಿಲ್ಲು ಹಿಡಿದಿದ್ದರು. ಬೇರಕ್ಕ ಅವರಿಗೆ ಕೈ ಮುಗಿದು ನಿಂತಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಮೂಗು, ಕಾಲಿನ ಸನ್ನೆ, ಸಿಪ್ಪೆ, ಹುಡಿ. ಅಷ್ಟು ಉದ್ದಕ್ಕೆ ಅವಳು ಮಾತಾಡಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

ಪಂಡಿತರು ಒಳಗೆ ಹೋದರು. ಒಂದು ತಟ್ಟೆಯ ತುಂಬ ಬೇರಿನ ತುಂಡುಗಳನ್ನು ತಂದು ಅವಳ ಮುಂದಿಟ್ಟರು. ಬಜೆ, ಶುಂಠಿ, ಅರಿಶಿನದ ಹಳೆಯ ಗೆಡ್ಡೆ, ಇನ್ನೂ ಏನೇನೋ, ಎಲ್ಲ ಸಿಪ್ಪೆಯ ಸಮೇತ. "ಆಯಿರಿ," ಅಂದರು.

ಬೇರಕ್ಕ ಕಣ್ಣು ಮುಚ್ಚಿದಳು. ಯಾರೂ ಮುಚ್ಚು ಅಂದಿರಲಿಲ್ಲ. ಹೆಬ್ಬೆರಳಿನಿಂದ ಅಡಿಯನ್ನು ಸವರಿ, ಉಗುರು ಒತ್ತಿ, ಅಂಗೈಯಲ್ಲಿ ತೂಗಿ ಬೇರೆ ಬೇರೆ ಮಾಡಿದಳು. ಮೂವತ್ತು ತುಂಡಿನಲ್ಲಿ ಒಂದೂ ತಪ್ಪಲಿಲ್ಲ. ಮೇಷ್ಟ್ರು ಏನೋ ಬರೆದು ತಿರುಗಿಸಿ ತೋರಿಸಿದರು. ಬೇರಕ್ಕನಿಗೆ ಓದಲು ಹೊತ್ತು ಹಿಡಿಯಿತು. 'ನಾನೂ ಮೂಸಿಯೇ ಬಾಯಿಗೆ ಹಾಕಿಕೊಂಡೆ. ನನ್ನ ಮೂಗು ಚೆನ್ನಾಗೇ ಇದೆ' ಅಂತ ಬರೆದಿದ್ದರು. ಬಾತ ತುಟಿಯಲ್ಲಿ ನಗಲು ಹೋಗಿ ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡರು.

"ನಿಮ್ಮ ಕೈ ನಂಬ್ತೀನಿ ಬೇರಕ್ಕ," ಅಂದರು ಪಂಡಿತರು. "ನಾಳೆಯಿಂದಲೇ ಬಜೆ ಕಳಿಸಿ, ಸಿಪ್ಪೆ ಸಮೇತ. ಆದ್ರೆ ನಿಮ್ಮ ಮಾತು ನಂಬೋಕೆ ನನಗೆ ಸ್ವಲ್ಪ ದಿನ ಬೇಕು. ಒಂದು ವರ್ಷ ಮೂಸಿದ ಹಾಗೆ ಮಾಡಿ ನನಗೆ ಸರಕು ಕಳಿಸಿದ್ರಲ್ಲ."

"ಸರಿ," ಅಂದಳು ಬೇರಕ್ಕ. ಅದು ನ್ಯಾಯವೇ ಆಗಿತ್ತು.

"ನಿಮ್ಮ ತಂಗಿ ಮಾಡಿದ್ದನ್ನ ಬೀದಿಯವರಿಗೆ ನೀವು ಹೇಳ್ತೀರಾ, ನಾನು ಹೇಳಲಾ?"

"ಅವಳು ಅವತ್ತು ನಾಲ್ಕು ಜನರ ಮುಂದೆ ಅಂದದ್ದರಲ್ಲಿ ಮೂಗಿನ ಮಾತು ನಿಜವೇ. ಕೇಳಿದೋರಿಗೆ ನಾನು ನಿಜ ಹೇಳ್ತೀನಿ. ಕೇಳದೋರ ಮನೆ ಬಾಗಿಲಿಗೆ ಹೋಗಲ್ಲ."

ಯಾರೂ ಕೇಳಲಿಲ್ಲ. ಬೀದಿಗೆ ಮೊದಲು ಕೇಳಿದ ಕತೆಯೇ ಸಾಕಾಗಿತ್ತು. ಎದುರು ಮನೆಯ ದರ್ಜಿಯ ಹೆಂಡತಿ ಬೇರಕ್ಕನಿಗೆ ಕೇಳುವ ಹಾಗೆಯೇ ಅಂದಳು, "ಆ ಮಾತಿನಮಲ್ಲಿ ಇಲ್ಲದಿದ್ರೆ ಇನ್ನೂ ಎಷ್ಟು ಜನರ ಬಾಯಿ ಸುಡ್ತಿತ್ತೋ."

ಆ ಕತೆ ಕಾರ್ಖಾನೆಯವರೆಗೂ ಹೋಯಿತು. ಹೋಗುವಂತೆ ತಂಗಿಯೇ ನೋಡಿಕೊಂಡಳೋ, ತಾನಾಗಿ ಹೋಯಿತೋ. ಕೆಟ್ಟ ಸರಕನ್ನು ತಡೆದು ನಿಲ್ಲಿಸಿದ ಹೆಂಗಸು, ವರ್ಷವಿಡೀ ಅಕ್ಕನ ಬದಲು ತಾನೇ ಬೇರು ಗುರುತಿಸಿದವಳು. ಬರುವ ಮೂಟೆಗಳನ್ನು ಪರೀಕ್ಷೆ ಮಾಡಲು ಅವರಿಗೊಂದು ಮೂಗು ಬೇಕಿತ್ತು. ಇರಲು ಕೋಣೆಯನ್ನೂ ಕೊಡುತ್ತೇವೆಂದು ಹೇಳಿ ಕಳಿಸಿದರು.

ತಂಗಿ ಈ ಸುದ್ದಿಯನ್ನು ಅಕ್ಕನಿಗೆ ಊಟದ ಹೊತ್ತಿನಲ್ಲಿ ಹೇಳಿದಳು. ಬೇರಕ್ಕ ತುತ್ತು ಕೆಳಗಿಟ್ಟಳು.

"ಅಲ್ಲಿ ಯಾರ ಕಾಲೂ ಇರಲ್ಲ," ಅಂದಳು. "ಸರಿ ಅಂದ್ರೆ ಸರಿ ಅಂತ ನೀನೇ ಬಾಯಿಬಿಟ್ಟು ಹೇಳ್ಬೇಕು. ಕುಡಿಯೋ ಮಕ್ಕಳು ಇರ್ತಾರೆ. ಅಷ್ಟು ನೆನಪಿರಲಿ."

"ಬೈಯೋದಾದ್ರೆ ಬೈದುಬಿಡು ಅಕ್ಕಾ. ಹೀಗೆ ಬುದ್ಧಿ ಹೇಳ್ಬೇಡ."

"ಬೈಯೋಕೆ ನೀನು ನನ್ನವಳಾಗಿರ್ಬೇಕಲ್ಲ."

ತಂಗಿ ತಟ್ಟೆ ಎತ್ತಿಕೊಂಡು ಎದ್ದುಹೋದಳು. ನಲ್ಲಿಯ ಕೆಳಗೆ ಅವಳು ತಟ್ಟೆ ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು, ಒಂದೇ ತಟ್ಟೆ.

ಆ ವಾರ ಬೇರಕ್ಕ ಆ ವರ್ಷದ ಸರದಿಯಾದ ಕೆರೆಯಂಚಿನ ಎರಡನೆಯ ಮಡಿಯನ್ನು ಒಬ್ಬಳೇ ಕಿತ್ತಳು. ತುದಿಯ ಕಣ್ಣುಗಳನ್ನು ಕೆಸರಿಗೆ ಒತ್ತಿದಳು. ತಂಗಿ ತನ್ನ ಸೀರೆಗಳನ್ನು ಮಡಿಸಿದಳು, ಗಂಡನ ಫೋಟೊ ಇಳಿಸಿ ಕಾಗದ ಸುತ್ತಿದಳು, ಬೀದಿಯ ಮನೆಮನೆಗೂ ಹೋಗಿ ಹೇಳಿ ಬಂದಳು. ಅಕ್ಕನಿಗೆ ಹೇಳಲು ಹೊಸ್ತಿಲಲ್ಲಿ ಒಂದಿಷ್ಟು ಹೊತ್ತು ನಿಂತಳು. ಬೇರಕ್ಕ ಮೇಜಿನ ಮುಂದೆ ಬಜೆ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಗುರುವಾರ ತಂಗಿ ಕಾರ್ಖಾನೆಗೆ ಹೊರಟುಹೋದಳು, ಬೇರಕ್ಕ ಮೇಜಿನ ಮುಂದೆಯೇ ಉಳಿದಳು.